ಪ್ರಶ್ನೋತ್ತರ: "ಗ್ಯಾಸ್ ಕಮ್ಮಿ ಆಗಿದೆ" ಅಂತಾರೆ, ನಂಬಬಹುದಾ?

ಪ್ರಶ್ನೆ (ಸುರತ್ಕಲ್‌ನಿಂದ)

ನಮಸ್ಕಾರ ಸರ್. ನಮ್ಮ ಮನೆಯಲ್ಲಿ 1.5 ಟನ್ ಸ್ಪ್ಲಿಟ್ ಎಸಿ ಇದೆ. ನಾಲ್ಕು ವರ್ಷ ಹಳೆಯದು, ಇನ್ವರ್ಟರ್ ಅಲ್ಲ, ಗ್ಯಾಸ್ ಆರ್32. ಹೋದ ವರ್ಷ ಮಾರ್ಚ್‌ನಲ್ಲಿ ಕೂಲಿಂಗ್ ಕಮ್ಮಿ ಆಯ್ತು. ಬಂದವರು ಗೇಜ್ ಹಾಕಿ "ಗ್ಯಾಸ್ ಕಮ್ಮಿ" ಅಂದರು, 2,800 ರೂಪಾಯಿ ತೆಗೆದುಕೊಂಡು ಟಾಪ್ ಅಪ್ ಮಾಡಿದರು. ಈ ವರ್ಷವೂ ಅದೇ ಕಥೆ. ಗೇಜ್ 102 ತೋರಿಸಿತು, "130 ಇರಬೇಕು" ಎಂದು ಮತ್ತೆ ಹಾಕಿದರು. ಹದಿನೈದು ದಿನ ಆಗಿಲ್ಲ, ಒಳಗಿನ ಯೂನಿಟ್‌ನಿಂದ ನೀರು ತೊಟ್ಟಿಕ್ಕುತ್ತಿದೆ, ಗಾಳಿ ಸಣ್ಣಗೆ ಬರುತ್ತಿದೆ. ಎಸಿ ಗ್ಯಾಸ್ ವರ್ಷಕ್ಕೊಮ್ಮೆ ಖರ್ಚಾಗುತ್ತದಾ?

ಉತ್ತರ

ಖರ್ಚಾಗುವುದಿಲ್ಲ ಮೇಡಂ. ಇದು ಬೈಕಿನ ಪೆಟ್ರೋಲ್ ಅಲ್ಲ. ತಾಮ್ರದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಕಮ್ಮಿ ಆಗಿದೆ ಅಂದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಲೀಕ್ ಹುಡುಕದೆ ಟಾಪ್ ಅಪ್ ಮಾಡಿದರೆ ತೂತು ಬಿಂದಿಗೆಗೆ ನೀರು ಹಾಕಿದ ಹಾಗೆ.

ಆದರೆ ನಿಮ್ಮ ಮನೆಯಲ್ಲಿ ಗ್ಯಾಸ್ ಕಮ್ಮಿ ಆಗಿತ್ತು ಅನ್ನುವುದೇ ನನಗೆ ಅನುಮಾನ. 102 ಅನ್ನುವ ಒಂದೇ ಅಂಕಿಯಿಂದ ಅದನ್ನು ಹೇಳಲು ಬರುವುದಿಲ್ಲ.

ಯಾಕೆ ಅಂದರೆ, ಕುಕ್ಕರ್ ನೆನಪು ಮಾಡಿಕೊಳ್ಳಿ. ಮುಚ್ಚಳ ಹಾಕಿ ಒತ್ತಡ ಏರಿದರೆ ನೀರು 100ರ ಬದಲು ಸುಮಾರು 120 ಡಿಗ್ರಿಗೆ ಕುದಿಯುತ್ತದೆ. ಒತ್ತಡ ಎಷ್ಟು ಅಂತ ಗೊತ್ತಿದ್ದರೆ ಎಷ್ಟು ಡಿಗ್ರಿಗೆ ಕುದಿಯುತ್ತಿದೆ ಅಂತ ಗೊತ್ತಾಗುತ್ತದೆ. ಎಸಿಯ ಒಳಗಿನ ಯೂನಿಟ್‌ನ ಕಾಯಿಲ್‌ನಲ್ಲೂ (ಸುತ್ತಿದ ತಾಮ್ರದ ಪೈಪ್) ಗ್ಯಾಸ್ ಕುದಿಯುವುದೇ ಕೆಲಸ. ಆರ್32 ಒತ್ತಡ ಸುಮಾರು 103 ಪಿಎಸ್‌ಐ (ಗೇಜ್ ತೋರಿಸುವ ಒತ್ತಡದ ಅಳತೆ) ಇದ್ದಾಗ 0 ಡಿಗ್ರಿಗೆ ಕುದಿಯುತ್ತದೆ. 132 ಇದ್ದರೆ 7 ಡಿಗ್ರಿ, 146 ಇದ್ದರೆ 10 ಡಿಗ್ರಿ. ಗೇಜಿನ ಮುಖದ ಮೇಲೆ ಪಿಎಸ್‌ಐ ಅಂಕಿಗಳ ಒಳಗಡೆ ಸಣ್ಣ ಅಕ್ಷರದಲ್ಲಿ ಒಂದೊಂದು ಗ್ಯಾಸಿಗೂ ಈ ಡಿಗ್ರಿಗಳು ಅಚ್ಚಾಗಿರುತ್ತವೆ. ಎಷ್ಟೋ ಜನ ಆ ಕಡೆ ಕಣ್ಣೇ ಹಾಯಿಸುವುದಿಲ್ಲ.

ಅಂದರೆ ನಿಮ್ಮ ಕಾಯಿಲ್ 0 ಡಿಗ್ರಿಯಲ್ಲಿತ್ತು. ಅಲ್ಲಿ ಬಂದ ತೇವ ಐಸ್ ಆಗುತ್ತದೆ, ಐಸ್ ಗಾಳಿಗೆ ಅಡ್ಡ ಬರುತ್ತದೆ, ಎಸಿ ನಿಲ್ಲಿಸಿದಾಗ ಕರಗಿ ಗೋಡೆ ಮೇಲೆ ಇಳಿಯುತ್ತದೆ. ಕಾಯಿಲ್ ಇಷ್ಟು ತಣ್ಣಗಾಗಲು ಎರಡು ಕಾರಣ ಇರಬಹುದು. ಗ್ಯಾಸ್ ಸಾಲದು, ಇಲ್ಲವೇ ಗಾಳಿ ಸಾಲದು. ಗೇಜ್ ಎರಡಕ್ಕೂ ಒಂದೇ 102 ತೋರಿಸುತ್ತದೆ.

ಬಿಡಿಸುವುದು ಥರ್ಮಾಮೀಟರ್. ಹೊರಗಿನ ಯೂನಿಟ್‌ಗೆ ವಾಪಸ್ ಬರುವ ದಪ್ಪ ಪೈಪ್ ಇದೆಯಲ್ಲ, ಅದರ ಬಿಸಿ ಅಳೆಯಬೇಕು. ಗ್ಯಾಸ್ ಕಮ್ಮಿ ಇದ್ದರೆ ದ್ರವ ಕಾಯಿಲ್‌ನ ಅರ್ಧಕ್ಕೇ ಕುದಿದು ಮುಗಿಯುತ್ತದೆ. ಉಳಿದ ಅರ್ಧದಲ್ಲಿ ಬರೀ ಆವಿ ಸುಮ್ನೆ ಬಿಸಿಯಾಗುತ್ತಾ ಬರುತ್ತದೆ. ಪೈಪ್ 18, 20 ಡಿಗ್ರಿ ಇರುತ್ತದೆ. ಗಾಳಿ ಕಮ್ಮಿ ಇದ್ದರೆ ದ್ರವಕ್ಕೆ ಕುದಿಯಲು ಬಿಸಿಯೇ ಸಿಗುವುದಿಲ್ಲ. ಪೈಪ್ 1, 2 ಡಿಗ್ರಿಯಲ್ಲೇ ವಾಪಸ್ ಬರುತ್ತದೆ. ಪೈಪಿನ ಡಿಗ್ರಿಯಲ್ಲಿ ಕುದಿಯುವ ಡಿಗ್ರಿ ಕಳೆದರೆ ಬರುವುದೇ ಸೂಪರ್‌ಹೀಟ್. ಹೆಸರು ದೊಡ್ಡದು, ಲೆಕ್ಕ ಬರೀ ಕಳೆಯುವುದು.

ಒಂದು ಕೆಲಸ ಮಾಡಿ. ಎಸಿ ನಿಲ್ಲಿಸಿ, ಬರೀ ಫ್ಯಾನ್ ಮೋಡ್‌ನಲ್ಲಿ ಮೂರು ನಾಲ್ಕು ಗಂಟೆ ಓಡಿಸಿ ಐಸ್ ಪೂರ್ತಿ ಕರಗಲಿ. ಆಮೇಲೆ ಕೂಲಿಂಗ್ ಹಾಕಿ ಇಪ್ಪತ್ತು ನಿಮಿಷ ಬಿಟ್ಟು ನಾಲ್ಕು ಅಂಕಿ ಕೊಡಿ: ದಪ್ಪ ಪೈಪಿನ ಒತ್ತಡ, ಅದೇ ಪೈಪಿನ ಬಿಸಿ, ಯೂನಿಟ್ ಮೇಲಿಂದ ಒಳಗೆ ಹೋಗುವ ಗಾಳಿಯ ಬಿಸಿ, ಕೆಳಗಿಂದ ಬರುವ ಗಾಳಿಯ ಬಿಸಿ. ಯಾರೇ ಬಂದರೂ ಈ ನಾಲ್ಕು ಬರೆದುಕೊಳ್ಳುವ ಮೊದಲು ಸಿಲಿಂಡರ್ ಬಿಚ್ಚಲು ಬಿಡಬೇಡಿ.

ಪ್ರಶ್ನೆ (ಸುರತ್ಕಲ್, ಎರಡು ದಿನದ ನಂತರ)

ನಮ್ಮ ಭಾವನ ಮಗ ಐಟಿಐ ಓದಿದ್ದಾನೆ, ಅವನನ್ನು ಕರೆಸಿ ಅಳೆಸಿದೆವು. ಒತ್ತಡ 104, ಪೈಪ್ 2 ಡಿಗ್ರಿ. ಒಳಗೆ ಹೋಗುವ ಗಾಳಿ 27, ಬರುವ ಗಾಳಿ 9. ಗಾಳಿ 9 ಡಿಗ್ರಿ ಬರುತ್ತಿದೆ ಅಂದರೆ ಎಸಿ ಚೆನ್ನಾಗಿದೆ ಅಂತ ಅಲ್ವಾ? ಫಿಲ್ಟರ್ ನಾನೇ ತಿಂಗಳಿಗೊಮ್ಮೆ ತೊಳೆಯುತ್ತೇನೆ.

ಉತ್ತರ

ಅಲ್ಲ! 18 ಡಿಗ್ರಿ ವ್ಯತ್ಯಾಸ ಜಾಸ್ತಿ ಆಯ್ತು. ನಿಮ್ಮ ಕರಾವಳಿಯ ತೇವದ ಗಾಳಿಗೆ 9ರಿಂದ 12 ಡಿಗ್ರಿ ವ್ಯತ್ಯಾಸ ಬಂದರೆ ಸರಿ. ಎಸಿಯ ಶಕ್ತಿಯಲ್ಲಿ ಒಂದು ಪಾಲು ಗಾಳಿಯ ನೀರು ಹಿಂಡುವುದಕ್ಕೇ ಹೋಗುತ್ತದೆ. ಕಲಬುರಗಿಯ ಒಣ ಬೇಸಿಗೆಯಲ್ಲಾದರೆ ಅದೇ ಎಸಿ ಇನ್ನೂ ಎರಡು ಮೂರು ಡಿಗ್ರಿ ಜಾಸ್ತಿ ವ್ಯತ್ಯಾಸ ಕೊಡುತ್ತದೆ. ಸುರತ್ಕಲ್‌ನಲ್ಲಿ 18 ಬಂದರೆ ಸ್ವಲ್ಪವೇ ಗಾಳಿ ನಿಧಾನಕ್ಕೆ ಕಾಯಿಲ್ ದಾಟುತ್ತಿದೆ ಅಂತ. ಗ್ಯಾಸ್ ಕಮ್ಮಿ ಇದ್ದಿದ್ದರೆ ವ್ಯತ್ಯಾಸ 5, 6ಕ್ಕೆ ಇಳಿದಿರುತ್ತಿತ್ತು.

ಸೂಪರ್‌ಹೀಟ್ ಬರೀ 2. ಒತ್ತಡ ಕಮ್ಮಿ, ಸೂಪರ್‌ಹೀಟ್ ಕಮ್ಮಿ, ಗಾಳಿಯ ವ್ಯತ್ಯಾಸ ಜಾಸ್ತಿ. ಮೂರೂ ಗಾಳಿಯ ಕಡೆಗೇ ಬೆರಳು ತೋರಿಸುತ್ತಿವೆ. ಫಿಲ್ಟರ್ ತೊಳೆದಿದ್ದೀರಿ, ಒಳ್ಳೆಯದು. ಆದರೆ ಅದರ ಹಿಂದೆ ಬ್ಲೋವರ್ ಇದೆ, ಉದ್ದ ಸಿಲಿಂಡರ್ ಆಕಾರದ ಫ್ಯಾನ್. ಗಾಳಿ ಬರುವ ಬಾಯಿಯಲ್ಲಿ ಮೊಬೈಲ್ ಟಾರ್ಚ್ ಬಿಟ್ಟು ಅದರ ರೆಕ್ಕೆ ನೋಡಿ. ನೋಡುವ ಮೊದಲು ಎಂಸಿಬಿ ಆಫ್ ಮಾಡಿ.

ಪ್ರಶ್ನೆ (ಸುರತ್ಕಲ್)

ನೋಡಿದೆ ಸರ್, ಅಸಹ್ಯ ಆಯ್ತು. ರೆಕ್ಕೆಗಳ ಮಧ್ಯೆ ಕಪ್ಪು ಕೆಸರಿನಂತೆ ಕಟ್ಟಿಕೊಂಡಿದೆ. ಜೆಟ್ ಪಂಪ್‌ನಲ್ಲಿ ತೊಳೆಸಿದೆವು, ಬಕೆಟ್ ನೀರು ಕಾಫಿ ಬಣ್ಣ. ಈಗ ಗಾಳಿ ಜೋರಾಗಿದೆ. ಆದರೆ ಹುಡುಗ ಹೇಳುತ್ತಾನೆ, ಒತ್ತಡ 150ಕ್ಕೆ ಹೋಗಿದೆ, ಪೈಪ್ 12 ಡಿಗ್ರಿ, ಕ್ಲಾಂಪ್ ಮೀಟರ್‌ನಲ್ಲಿ 9.1 ಆಂಪ್ ಅಂತ. ಯೂನಿಟ್ ಮೇಲಿನ ಪಟ್ಟಿಯಲ್ಲಿ 7.6 ಆಂಪ್ ಬರೆದಿದೆ.

ಉತ್ತರ

ಹುಡುಗ ಬುದ್ಧಿವಂತ. ಅವನನ್ನು ಈ ಗುಂಪಿಗೆ ಸೇರಿಸಿ.

150ಕ್ಕೆ ಕುದಿಯುವ ಡಿಗ್ರಿ ಸುಮಾರು 11. ಪೈಪ್ 12. ಗಾಳಿ ಸರಿಯಾದ ಮೇಲೂ ಸೂಪರ್‌ಹೀಟ್ 1 ಮಾತ್ರ, ಕರೆಂಟ್ ಜಾಸ್ತಿ. ಅಂದರೆ ಎರಡು ವರ್ಷ ಬೇಡದಿದ್ದರೂ ತುಂಬಿಸಿದ ಗ್ಯಾಸ್ ಈಗ ಬಾಯಿ ಬಿಡುತ್ತಿದೆ. ಹೀಗೇ ಬಿಟ್ಟರೆ ದ್ರವ ಕುದಿಯದೇ ಕಂಪ್ರೆಸರ್‌ಗೆ ಹೋಗುತ್ತದೆ. ಕಂಪ್ರೆಸರ್ ಆವಿ ಒತ್ತುವ ಯಂತ್ರ, ದ್ರವ ಅದಕ್ಕೆ ಆಗುವುದಿಲ್ಲ. ಆಯಿಲ್ ತೊಳೆದುಹೋಗಿ ಬೇರಿಂಗ್ ಸವೆಯುತ್ತದೆ.

ಸ್ವಲ್ಪ ಸ್ವಲ್ಪ ಬಿಟ್ಟು ಅಂದಾಜಿಗೆ ನಿಲ್ಲಿಸಬೇಡಿ. ರಿಕವರಿ ಮಷೀನ್ ಇರುವವರನ್ನು ಕರೆಸಿ. ಪೂರ್ತಿ ಗ್ಯಾಸ್ ಸಿಲಿಂಡರ್‌ಗೆ ತೆಗೆದು, ವ್ಯಾಕ್ಯೂಮ್ ಪಂಪ್ ಓಡಿಸಿ 500 ಮೈಕ್ರಾನ್ (ವ್ಯಾಕ್ಯೂಮ್ ಅಳೆಯುವ ಮಾನ) ಕೆಳಗೆ ಇಳಿಸಿ, ನಿಂತುಕೊಳ್ಳುತ್ತದಾ ನೋಡಿ, ಪಟ್ಟಿಯಲ್ಲಿ ಎಷ್ಟು ಗ್ರಾಂ ಅಂತ ಬರೆದಿದೆಯೋ ಅಷ್ಟನ್ನು ತಕ್ಕಡಿಯಲ್ಲಿ ತೂಗಿ ಹಾಕಲಿ. ಆರ್32 ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸ್. ಕೆಲಸ ನಡೆಯುವಾಗ ಕಿಟಕಿ ತೆಗೆದಿಡಿ, ಹತ್ತಿರದಲ್ಲಿ ದೀಪ, ಬೀಡಿ ಯಾವುದೂ ಬೇಡ.

ಪ್ರಶ್ನೆ (ಸುರತ್ಕಲ್)

ಆಯ್ತು ಸರ್. ತೂಗಿ ಹಾಕಿದ ಮೇಲೆ ಒತ್ತಡ 132, ಪೈಪ್ 14, ಗಾಳಿ 27ಕ್ಕೆ 16, ಕರೆಂಟ್ 7.4. ನೀರು ಬೀಳುವುದು ನಿಂತಿದೆ.

ಉತ್ತರ

ಸೂಪರ್‌ಹೀಟ್ 7, ಗಾಳಿ ವ್ಯತ್ಯಾಸ 11. ಎರಡೂ ಸರಿ. ಈ ಅಂಕಿಗಳನ್ನು ಸ್ಟಿಕ್ಕರ್ ಮೇಲೆ ಬರೆದು ಹೊರಗಿನ ಯೂನಿಟ್‌ನ ಪಕ್ಕದ ಮುಚ್ಚಳದ ಒಳಗೆ ಅಂಟಿಸಿ. ಮುಂದಿನ ವರ್ಷ ಬಂದವರು ಅದನ್ನು ನೋಡಿಯೇ ಮಾತಾಡಲಿ.

ಪ್ರತಿಕ್ರಿಯೆ (ಒಬ್ಬ ಹಿರಿಯ ಮೆಕ್ಯಾನಿಕ್, ದಾವಣಗೆರೆ)

ನಾವು ಇಪ್ಪತ್ತೈದು ವರ್ಷದಿಂದ ಪೈಪ್ ಮೇಲೆ ಕೈ ಇಟ್ಟೇ ಹೇಳುತ್ತಿದ್ದೇವೆ. ಪೈಪ್ ಬೆವರಿದರೆ ಗ್ಯಾಸ್ ಸರಿ. ಇಷ್ಟೆಲ್ಲ ಲೆಕ್ಕ ಬೇಕಾ?

ಉತ್ತರ

ಅಣ್ಣಾ, ಕೈ ನಾನೂ ಇಡುತ್ತೇನೆ. ಆದರೆ ಮೇಲಿನ ಕೇಸ್‌ನಲ್ಲಿ 2 ಡಿಗ್ರಿಯ ಪೈಪೂ ಬೆವರುತ್ತಿತ್ತು, 12 ಡಿಗ್ರಿಯದೂ ಬೆವರುತ್ತಿತ್ತು, ಸರಿಯಾದ 14 ಡಿಗ್ರಿಯದೂ ಬೆವರುತ್ತಿದೆ. ಮಂಗಳೂರಿನ ಕಡೆ ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿಯೂ ಬೆವರುತ್ತದೆ! ಇನ್ನೊಂದು, ನಮ್ಮ ಕಾಲದ ಹಳೆ ಗ್ಯಾಸ್ ಆರ್22ಕ್ಕೆ "65, 70 ಇದ್ದರೆ ಸಾಕು" ಅನ್ನುವ ಲೆಕ್ಕ ಇತ್ತು. ಆರ್22ಗೆ 70 ಅಂದರೆ 5 ಡಿಗ್ರಿ. ಅದೇ 70 ಆರ್32ರಲ್ಲಿ ಮೈನಸ್ 10. ಹುಡುಗರು ಅಂಕಿ ಬಾಯಿಪಾಠ ಮಾಡುವ ಬದಲು ಡಿಗ್ರಿ ನೋಡಲಿ ಅಂತ ನನ್ನ ಆಸೆ.

ಪ್ರಶ್ನೆ (ಕಲಬುರಗಿ, ಅಪ್ರೆಂಟಿಸ್)

ಸರ್, ಇಲ್ಲಿ ಹೊರಗೆ 42 ಡಿಗ್ರಿ. ಒಂದು ಅಂಗಡಿಯ 1.5 ಟನ್ ಎಸಿ, ಇದೂ ಆರ್32, ಇನ್ವರ್ಟರ್ ಅಲ್ಲ. ಮಧ್ಯಾಹ್ನ ಹತ್ತು ನಿಮಿಷ ಓಡುತ್ತದೆ, ಕಂಪ್ರೆಸರ್ ಟ್ರಿಪ್ ಆಗುತ್ತದೆ. ದಪ್ಪ ಪೈಪಿನ ಒತ್ತಡ 165, ಕರೆಂಟ್ 10 ಆಂಪ್. ಗ್ಯಾಸ್ ಜಾಸ್ತಿ ಆಗಿದೆ ಅಂತ ಬಿಡಲಾ? ಸಣ್ಣ ಪೈಪಿಗೂ ಗೇಜ್ ಹಾಕಿ ಹೈ ಸೈಡ್ (ಜಾಸ್ತಿ ಒತ್ತಡದ ಕಡೆ) ನೋಡೋಣ ಅಂದರೆ ಅದೂ ತಣ್ಣಗೇ ಇದೆ.

ಉತ್ತರ

ಬಿಡಬೇಡ, ತಾಳು. ಸಣ್ಣ ಪೈಪ್ ತಣ್ಣಗಿರುವುದು ಸರಿಯೇ. ಮನೆಯ ಸ್ಪ್ಲಿಟ್‌ನಲ್ಲಿ ಕ್ಯಾಪಿಲರಿ (ಒತ್ತಡ ಇಳಿಸುವ ತೀರಾ ಸಣ್ಣ ಕೊಳವೆ) ಹೊರಗಿನ ಯೂನಿಟ್‌ನಲ್ಲೇ ಇರುತ್ತದೆ. ಸಣ್ಣ ಪೈಪಿಗೆ ಬರುವಷ್ಟರಲ್ಲಿ ಒತ್ತಡ ಆಗಲೇ ಇಳಿದಿರುತ್ತದೆ. ಅಲ್ಲಿ ಗೇಜ್ ಹಾಕಿದರೂ ಹೈ ಸೈಡ್ ಸಿಗುವುದಿಲ್ಲ.

ಬದಲಿಗೆ ಕಂಡೆನ್ಸರ್ (ಹೊರಗಿನ ಯೂನಿಟ್‌ನ ಕಾಯಿಲ್) ಪಕ್ಕದಲ್ಲಿ ತಾಮ್ರದ ಯು ಬೆಂಡ್‌ಗಳು ಕಾಣುತ್ತವಲ್ಲ, ಮಧ್ಯದ ಒಂದಕ್ಕೆ ಥರ್ಮಾಮೀಟರ್ ಕ್ಲಾಂಪ್ ಹಾಕು. ಮೇಲೆ ಬಟ್ಟೆ ಸುತ್ತು, ಇಲ್ಲದಿದ್ದರೆ ಬಿಸಿಗಾಳಿ ತಪ್ಪು ಓದಿಸುತ್ತದೆ. ಗ್ಯಾಸ್ ದ್ರವವಾಗುವ ಡಿಗ್ರಿ ಅಲ್ಲಿ ಸಿಗುತ್ತದೆ. ಹೊರಗಿನ ಗಾಳಿಗಿಂತ 10ರಿಂದ 15 ಡಿಗ್ರಿ ಜಾಸ್ತಿ ಇರುವುದು ಸಹಜ. 42ಕ್ಕೆ 55 ಬಂದರೆ ತಕರಾರಿಲ್ಲ. ನಿನ್ನದು ಎಷ್ಟು?

ಪ್ರಶ್ನೆ (ಕಲಬುರಗಿ)

68 ಸರ್.

ಉತ್ತರ

26 ಜಾಸ್ತಿ. ಬಿಸಿ ಹೊರಗೆ ಹೋಗುತ್ತಿಲ್ಲ. ಮೊದಲು ಫಿನ್ (ಕಾಯಿಲ್ ಮೇಲಿನ ತೆಳು ತಗಡುಗಳು) ಕೊಳೆ ಕಟ್ಟಿದೆಯಾ ನೋಡು, ಆಮೇಲೆ ಫ್ಯಾನ್ ವೇಗ ನೋಡು. ಯೂನಿಟ್ ಎದುರಿಗೆ ಅಂಗಡಿಯವರು ರಟ್ಟಿನ ಡಬ್ಬ ಜೋಡಿಸಿರುತ್ತಾರೆ, ಅದನ್ನೂ ನೋಡು. ಫ್ಯಾನ್ ನಿಧಾನ ಅನ್ನಿಸಿದರೆ ಪವರ್ ತೆಗೆದು, ಫ್ಯಾನಿನ ಕೆಪ್ಯಾಸಿಟರ್ (ಮೋಟರ್ ಓಡಲು ನೆರವಾಗುವ ಭಾಗ) ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ಅಳೆ.

ಇವೆಲ್ಲ ಸರಿ ಇದ್ದರೆ ಮಾತ್ರ ಪೈಪಿನೊಳಗೆ ಗ್ಯಾಸ್ ಜೊತೆ ಗಾಳಿ ಸೇರಿದೆಯಾ ಅಂತ ನೋಡುವುದು. ಕಂಪ್ರೆಸರ್ ವೈರ್ ಬಿಚ್ಚಿ, ಹೊರಗಿನ ಫ್ಯಾನ್ ಮಾತ್ರ ಓಡಿಸಿ, ಕಾಯಿಲ್ ಹೊರಗಿನ ಗಾಳಿಯಷ್ಟೇ ಆಗುವ ತನಕ ಕಾಯಿ. ಆಗ ಗೇಜ್ ತೋರಿಸುವುದು ಆ ಡಿಗ್ರಿಯ ಒತ್ತಡವೇ ಆಗಿರಬೇಕು. 42ಕ್ಕೆ ಸುಮಾರು 360. ಅದಕ್ಕಿಂತ ಇಪ್ಪತ್ತು ಮೂವತ್ತು ಜಾಸ್ತಿ ನಿಂತರೆ ಯಾರೋ ವ್ಯಾಕ್ಯೂಮ್ ಮಾಡದೆ ಗ್ಯಾಸ್ ಹಾಕಿದ್ದಾರೆ.

ಇದರಿಂದಲೇ ಇನ್ನೊಂದು ತಿಳಿದುಕೋ. ಎಸಿ ನಿಂತಾಗ ತೋರಿಸುವ ಒತ್ತಡ ನೋಡಿ ಗ್ಯಾಸ್ ಎಷ್ಟಿದೆ ಅಂತ ಹೇಳುವವರಿದ್ದಾರೆ. ಒಳಗೆ ಒಂದು ಲೋಟ ದ್ರವ ಉಳಿದಿದ್ದರೂ 360ಯೇ, ಪೂರ್ತಿ ಇದ್ದರೂ 360ಯೇ.

ಪ್ರಶ್ನೆ (ಕಲಬುರಗಿ)

ಫ್ಯಾನ್ ಕೆಪ್ಯಾಸಿಟರ್ ಮೇಲೆ 2.5 ಮೈಕ್ರೊಫ್ಯಾರಡ್ ಅಂತಿದೆ, ಮೀಟರ್ 1.3 ತೋರಿಸಿತು. ಬದಲಾಯಿಸಿದೆ. ಯು ಬೆಂಡ್ 56ಕ್ಕೆ ಇಳಿಯಿತು. ಟ್ರಿಪ್ ಇಲ್ಲ.

ಉತ್ತರ

ಶಹಬ್ಬಾಸ್. ಗ್ಯಾಸ್ ಬಿಟ್ಟಿದ್ದರೆ ಒತ್ತಡ ಇಳಿದು ರಿಪೇರಿ ಆದ ಹಾಗೇ ಕಾಣುತ್ತಿತ್ತು, ಮಳೆಗಾಲಕ್ಕೆ ಕೂಲಿಂಗ್ ಇಲ್ಲ ಅಂತ ಮತ್ತೆ ಕರೆಯುತ್ತಿದ್ದರು.

ಪ್ರಶ್ನೆ (ಬೆಂಗಳೂರು)

ನಮ್ಮದು ಇನ್ವರ್ಟರ್. ಒತ್ತಡ ಒಮ್ಮೆ 115, ಒಮ್ಮೆ 150. ಬೋರ್ಡ್ ಹೋಗಿದೆ ಅಂತಾರೆ.

ಉತ್ತರ

ಇನ್ವರ್ಟರ್‌ನಲ್ಲಿ ಕಂಪ್ರೆಸರ್ ವೇಗವೇ ಬದಲಾಗುತ್ತಿರುತ್ತದೆ, ಒತ್ತಡವೂ ಅದರ ಹಿಂದೆಯೇ ಓಡಾಡುತ್ತದೆ. ಅಷ್ಟಕ್ಕೇ ಬೋರ್ಡ್ ಬದಲಾಯಿಸಬೇಡಿ. ಟೆಸ್ಟ್ ಮೋಡ್ ಇದ್ದರೆ ಹಾಕಿಸಿ. ಇಲ್ಲದಿದ್ದರೆ 16 ಡಿಗ್ರಿ, ಫ್ಯಾನ್ ಫುಲ್ ಇಟ್ಟು, ಕರೆಂಟ್ ಒಂದೇ ಕಡೆ ನಿಂತ ಮೇಲೆ ಅಳೆಯಲಿ. ಕೂಲಿಂಗ್ ಚೆನ್ನಾಗಿದೆಯಾ? ಎರರ್ ಕೋಡ್ ಏನಾದರೂ ಬರುತ್ತಿದೆಯಾ? ಎರಡನ್ನೂ ಹೇಳಿ, ಆಮೇಲೆ ಮಾತಾಡೋಣ.

ಪ್ರಶ್ನೆ (ಕಲಬುರಗಿ)

ಸರ್, ಥರ್ಮಾಮೀಟರ್ ಯಾವುದು ಕೊಳ್ಳಲಿ? ಗನ್ ತರಹದ್ದು ಸಾಕಾ?

ಉತ್ತರ

ಗನ್ ಬೇಡ. ಹೊಳೆಯುವ ತಾಮ್ರಕ್ಕೆ ಹಿಡಿದರೆ ಅದು ತಪ್ಪು ಓದುತ್ತದೆ. ಪೈಪ್ ಕಚ್ಚಿಕೊಳ್ಳುವ ಕ್ಲಾಂಪ್ ತರಹದ್ದು ತಗೋ, ಎರಡು ಪ್ರೋಬ್ ಇದ್ದರೆ ಇನ್ನೂ ಒಳ್ಳೆಯದು. ತಂದ ದಿನವೇ ಒಂದು ಲೋಟಕ್ಕೆ ಪುಡಿ ಮಾಡಿದ ಐಸ್ ತುಂಬಿ, ಸ್ವಲ್ಪ ನೀರು ಹಾಕಿ, ಕಲಸಿ, ತುದಿಯನ್ನು ಅದರಲ್ಲಿ ಇಟ್ಟು ಎರಡು ನಿಮಿಷ ಬಿಟ್ಟು ನೋಡು. 0 ತೋರಿಸಬೇಕು. ನನ್ನದು 1.5 ತೋರಿಸುತ್ತದೆ. ಮೀಟರ್ ಹಿಂದೆ ಪ್ಲಾಸ್ಟರ್ ಅಂಟಿಸಿ "1.5 ಕಳೆ" ಅಂತ ಬರೆದುಕೊಂಡಿದ್ದೇನೆ.