ಪದಚರ್ಚೆ: ಕಯಾಕ್ ಕೈಪಿಡಿಗೆ ಕನ್ನಡ ಪದಗಳು – ‘ಎಡ್ಡಿ’ಗೆ ‘ಸುಳಿ’ ಸರಿಯೆ?

ಪ್ರಶ್ನೆ:
ಮೈಸೂರಿನ ಹತ್ತಿರದ ಕೆರೆಯೊಂದರಲ್ಲಿ ಕಯಾಕ್ ಬಾಡಿಗೆಗೆ ಕೊಡುವವರು ಸುರಕ್ಷತಾ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಡಿ ಎಂದಿದ್ದಾರೆ. ಹೊಳೆಗೆ ಇಳಿಯುವವರಿಗೂ ಅದೇ ಕೈಪಿಡಿ. ಕಯಾಕ್, ಕನೂ ಎರಡಕ್ಕೂ ‘ದೋಣಿ’ ಸಾಕೆ? ‘ಪ್ಯಾಡಲ್’, ‘ಓರ್’ ಎರಡಕ್ಕೂ ‘ಹುಟ್ಟು’ ಎನ್ನಬಹುದೆ? ‘ಎಡ್ಡಿ’ಗೆ ‘ಸುಳಿ’ ಎಂದು ಬಳಸಲೆ?

ಉತ್ತರ:
ಕೊನೆಯ ಪ್ರಶ್ನೆಯಿಂದ ಶುರುಮಾಡುತ್ತೇನೆ, ಅದರಲ್ಲಿ ಜೀವದ ವಿಷಯವಿದೆ. ದಯವಿಟ್ಟು ‘ಸುಳಿ’ ಎಂದು ಹಾಕಬೇಡಿ. ಕಾವೇರಿ ದಂಡೆಯವರಿಗೆ ಸುಳಿ ಎಂದರೆ ಮನುಷ್ಯರನ್ನು ಒಳಕ್ಕೆ ಎಳೆದುಕೊಳ್ಳುವ ಜಾಗ. ಕಯಾಕಿನವರ ಎಡ್ಡಿ ಬಹುಮಟ್ಟಿಗೆ ಇದಕ್ಕೆ ವಿರುದ್ಧ. ಹರಿಯುವ ನೀರಿಗೆ ಬಂಡೆ ಅಡ್ಡ ಬಂದಾಗ ಬಂಡೆಯ ಆಚೆ, ನೀರು ಹೋಗುವ ಕಡೆಯ ಮಗ್ಗುಲು ಬರಿದಾಗುತ್ತದೆ; ಅದನ್ನು ತುಂಬಲು ನೀರು ತಿರುಗಿ, ಹೊಳೆಯ ಹರಿವಿಗೆ ಎದುರಾಗಿ ಮೇಲಕ್ಕೆ ನಿಧಾನವಾಗಿ ಹರಿಯುತ್ತದೆ. ದೋಣಿ ನಿಲ್ಲಿಸಿ ಸುಧಾರಿಸಿಕೊಳ್ಳುವುದು, ಮುಂದಿನ ದಾರಿ ನೋಡುವುದು ಅಲ್ಲೇ. ‘ಸುಳಿಯಲ್ಲಿ ನಿಲ್ಲಿ’ ಎಂದು ಬರೆದರೆ ಓದಿದವರು ಹೆದರಿ, ನಿಲ್ಲಬೇಕಾದ ಜಾಗ ಬಿಟ್ಟು ನಡುಹೊಳೆಯ ಸೆಳವಿಗೆ ಹೋಗುತ್ತಾರೆ. ‘ಬಂಡೆ ಮರೆಯ ನೀರು’ ಎಂದರೆ ಯಾರಿಗೂ ಅರ್ಥವಾಗುತ್ತದೆ. ‘ಹಿನ್ನೀರು’ ಆಗುವುದಿಲ್ಲ, ಅದನ್ನು ಕೆಆರ್‌ಎಸ್, ಕಬಿನಿ ಜಲಾಶಯಗಳು ಆಗಲೇ ತೆಗೆದುಕೊಂಡಿವೆ. ತುಂಬು ಹೊಳೆಯಲ್ಲಿ ಬಂಡೆ ಮರೆಯೂ ಕುದಿಯುತ್ತಿರುತ್ತದೆ ಎಂಬ ಎಚ್ಚರಿಕೆಯನ್ನೂ ಸೇರಿಸಿ.

ಆ ಮರೆಗೆ ಸೇರುವ ಕ್ರಮವನ್ನು ಬಿಡಿಸಿ ಬರೆಯಬೇಕು. ಕೆಳಕ್ಕೆ ಓಡುವ ನೀರೂ ಮೇಲಕ್ಕೆ ಬರುವ ನೀರೂ ಉಜ್ಜಿಕೊಳ್ಳುವ ಗೆರೆ ಕಣ್ಣಿಗೆ ಕಾಣುತ್ತದೆ. ಅದನ್ನು ಸುಮಾರು 45 ಡಿಗ್ರಿ ಓರೆಯಲ್ಲಿ, ವೇಗ ಬಿಡದೆ, ಬಂಡೆಗೆ ಆದಷ್ಟು ಹತ್ತಿರದಲ್ಲಿ ದಾಟಬೇಕು. ಮೂತಿ ಒಳಗೆ ಹೋದ ಕೂಡಲೇ ದೋಣಿ ತಾನೇ ತಿರುಗುತ್ತದೆ. ಆಗ ಸೈಕಲ್ ತಿರುಗಿಸುವಾಗಿನ ಹಾಗೆ ತಿರುವಿನ ಒಳಬದಿಗೆ ದೋಣಿಯನ್ನು ವಾಲಿಸಬೇಕು. ಹೊರಬದಿಗೆ ವಾಲಿದರೆ ಎದುರಿಂದ ಬರುವ ನೀರು ಅಂಚನ್ನು ಹಿಡಿದು ಮಗುಚುತ್ತದೆ.

ನಿಜವಾಗಿ ಹೆದರಬೇಕಾದ ಜಾಗ ಬೇರೆ ಇದೆ, ಅದಕ್ಕೆ ಗಟ್ಟಿ ಪದ ಬೇಕು. ಶ್ರೀರಂಗಪಟ್ಟಣದಿಂದ ತಲಕಾಡಿನವರೆಗೆ ಹಳೆಯ ಅಣೆಗಳು ಹಲವು. ಅಣೆಯ ಮೇಲಿಂದ ಬಿದ್ದ ನೀರು ತಳಕ್ಕೆ ಹೋಗಿ ಎದ್ದು, ಮೇಲ್ಮೈಯಲ್ಲಿ ಮತ್ತೆ ಅಣೆಯ ಕಡೆಗೇ ಮರಳುತ್ತದೆ. ಸಿಕ್ಕಿಕೊಂಡ ದೋಣಿಯಾಗಲಿ ಮನುಷ್ಯರಾಗಲಿ ಅಲ್ಲೇ ಉರುಳುತ್ತಿರುತ್ತಾರೆ, ಲೈಫ್ ಜಾಕೆಟ್ ಇದ್ದರೂ. ಹೊಳೆಯ ಮೇಲ್ಭಾಗದಿಂದ ದೋಣಿಯಲ್ಲಿ ಬರುವವರಿಗೆ ಅಣೆ ಒಂದು ನೆಟ್ಟಗಿನ ಗೆರೆಯಷ್ಟೇ. ಇಲ್ಲಿ ‘ಅಣೆಯ ಕೆಳಗೆ ವಾಪಸ್ ಎಳೆಯುವ ನೀರು – ದೋಣಿ ಹೊತ್ತು ದಂಡೆಯ ಮೇಲೆ ದಾಟಿ’ ಎಂದು ಒಂದೇ ಸಾಲಿನಲ್ಲಿ ಬರೆಯಿರಿ.

ಹುಟ್ಟಿನ ವಿಷಯ. ಓರ್ ದೋಣಿಯ ಅಂಚಿನ ಕೊಂಡಿಯಲ್ಲಿ ಕೂತಿರುತ್ತದೆ, ಹಾಕುವವರು ಹಿಂದುಮುಂದಾಗಿ ಕೂರುತ್ತಾರೆ. ಪ್ಯಾಡಲ್ ಕೈಯಲ್ಲೇ ಇರುತ್ತದೆ, ಮುಖ ಹೋಗುವ ಕಡೆಗೆ. ಎರಡಕ್ಕೂ ‘ಹುಟ್ಟು’ ಚೆನ್ನಾಗಿಯೇ ಒಪ್ಪುತ್ತದೆ. ನಮ್ಮ ಹರಿಗೋಲಿನವರ ಹುಟ್ಟೂ ಕೈಯಲ್ಲಿ ಹಿಡಿಯುವಂಥದ್ದೇ. ಬೇಕಾದಲ್ಲಿ ಕಯಾಕಿನದಕ್ಕೆ ‘ಎರಡು ಅಲಗಿನ ಹುಟ್ಟು’, ಕನೂವಿನದಕ್ಕೆ ‘ಒಂದು ಅಲಗಿನ ಹುಟ್ಟು’ ಎನ್ನಿ. ಮೊದಲನೆಯದು ಸಾಮಾನ್ಯವಾಗಿ 210ರಿಂದ 230 ಸೆಂ.ಮೀ. ಉದ್ದ. ಹಿಡಿತದ ಅಳತೆಗೆ ಹುಟ್ಟನ್ನು ತಲೆಯ ಮೇಲಿಟ್ಟು, ಎರಡೂ ಮೊಣಕೈ ಲಂಬಕೋನಕ್ಕೆ ಬರುವಂತೆ ಹಿಡಿಯುವುದು. ಅಲಗು ಕಾಲ್ಬೆರಳಿನ ನೇರಕ್ಕೆ ನೀರಿಗಿಳಿದು ಸೊಂಟದ ಹತ್ತಿರ ಮೇಲೇಳಬೇಕು. ಅದಕ್ಕೂ ಹಿಂದಕ್ಕೆ ಎಳೆದರೆ ದೋಣಿ ಮುಂದೆ ಹೋಗುವ ಬದಲು ಪಕ್ಕಕ್ಕೆ ತಿರುಗುತ್ತದೆ.

ದೋಣಿಯ ಹೆಸರುಗಳನ್ನು ಮಾತ್ರ ‘ಕಯಾಕ್’, ‘ಕನೂ’ ಎಂದೇ ಇಡಿ. ‘ಕೆನೋಯ್’ ಬೇಡ, ಅದು ಅಕ್ಷರ ನೋಡಿ ಬರೆದದ್ದು. ‘ಮುಚ್ಚುದೋಣಿ’ಯಂಥ ಹೊಸ ಪದವೂ ಬೇಡ, ಏಕೆಂದರೆ ಮೇಲ್ಮುಚ್ಚು ಇಲ್ಲದ, ಮೇಲೆ ಕೂರುವ ಕಯಾಕುಗಳೂ ಇವೆ. ಕೆರೆಗಳಲ್ಲಿ ಬಾಡಿಗೆಗೆ ಕೊಡುವುದು ಹೆಚ್ಚಾಗಿ ಅವನ್ನೇ. ಕಾಲು ಮುಂದಕ್ಕೆ ಚಾಚಿ ಎರಡು ಅಲಗಿನ ಹುಟ್ಟು ಹಾಕಿದರೆ ಕಯಾಕ್. ಮಂಡಿಯೂರಿ ಅಥವಾ ಎತ್ತರದ ಹಲಗೆಯ ಮೇಲೆ ಕೂತು ಒಂದು ಅಲಗಿನದು ಹಾಕಿದರೆ ಕನೂ.

ಇನ್ನೊಂದು ಉತ್ತರ, ಶ್ರೀರಂಗಪಟ್ಟಣದ ಕಡೆಯಿಂದ:
ಮೇಲಿನದನ್ನು ಒಪ್ಪುತ್ತೇನೆ. ಮೂರು ಸೇರ್ಪಡೆ. ‘ರಿವರ್ ಲೆಫ್ಟ್’, ‘ರಿವರ್ ರೈಟ್’ಗೆ ಪದ ಹುಡುಕಬೇಕಿಲ್ಲ, ನಮ್ಮ ನಾಲೆಗಳ ‘ಎಡದಂಡೆ’, ‘ಬಲದಂಡೆ’ ಅದೇ ಲೆಕ್ಕ. ನೀರು ಹೋಗುವ ಕಡೆಗೆ ಮುಖ ಮಾಡಿ ನಿಂತಾಗಿನ ಎಡ, ಬಲ. ಮಂಡ್ಯದ ರೈತರಿಗೆ ಇದನ್ನು ವಿವರಿಸುವುದೇ ಬೇಡ.

ಮೇಲೆ ಕೂರುವ ಕಯಾಕಿನಲ್ಲಿ ತಳದವರೆಗೂ ತೂತುಗಳಿರುತ್ತವೆ. ‘ರಂಧ್ರ’ ಎಂದಷ್ಟೇ ಬರೆದರೆ ಜನ ದೋಣಿ ಒಡೆದಿದೆ ಎಂದುಕೊಂಡು ಬಟ್ಟೆ ತುರುಕುತ್ತಾರೆ. ‘ನೀರು ಇಳಿದುಹೋಗುವ ತೂತು, ಮುಚ್ಚಬೇಡಿ’ ಎಂದಿರಲಿ.

‘ಕ್ಯಾಪ್‌ಸೈಜ್’ಗೆ ‘ಮುಳುಗಿದರೆ’ ಎನ್ನಬೇಡಿ, ‘ಮಗುಚಿದರೆ’ ಎನ್ನಿ. ಕಯಾಕ್ ಮಗುಚಿದರೂ ತೇಲುತ್ತಿರುತ್ತದೆ, ಅದನ್ನು ಬಿಡಬಾರದು. ಮುಳುಗಿತು ಎಂದು ಓದಿದವರು ದೋಣಿ ಬಿಟ್ಟು ದಡಕ್ಕೆ ಈಜಲು ಹೋಗುತ್ತಾರೆ. ಹರಿವಿನಲ್ಲಿದ್ದರೆ ದೋಣಿಗಿಂತ ನೀರು ಬರುವ ಕಡೆ ಇರಬೇಕು. ನೀರು ಹೋಗುವ ಕಡೆ ಇದ್ದರೆ ನೀರು ತುಂಬಿದ ದೋಣಿ ಮೈಯನ್ನು ಬಂಡೆಗೆ ಒತ್ತಿಬಿಡುತ್ತದೆ. ಸೆಳವಿನಲ್ಲಿ ಎದ್ದು ನಿಲ್ಲಲೂ ಬಾರದು, ಕಾಲು ಕಲ್ಲಿನ ಸಂದಿಗೆ ಸಿಕ್ಕುತ್ತದೆ. ಅಂಗಾತ ಮಲಗಿ, ಪಾದ ಮುಂದೆ ಮಾಡಿ, ನೀರು ನಿಧಾನವಾಗುವ ತನಕ ತೇಲಬೇಕು.