ಆಮ್ಲಜನಕ ಸರಿಯಿದ್ದರೂ ಲ್ಯಾಕ್ಟೇಟ್ ಏಕೆ ಏರುತ್ತದೆ?

ಪ್ರಶ್ನೆ – ಎಂಬಿಬಿಎಸ್ ಮೊದಲ ವರ್ಷ
ಆಮ್ಲಜನಕ ಸಾಲದಿದ್ದಾಗ ಪೈರುವೇಟ್ (ಗ್ಲೂಕೋಸ್ ಒಡೆದಾಗ ಸಿಗುವ ವಸ್ತು) ಲ್ಯಾಕ್ಟೇಟ್ ಆಗುವುದು ಅರ್ಥವಾಗಿದೆ. ಆದರೆ ಥಯಾಮಿನ್ (ವಿಟಮಿನ್ ಬಿ1) ಕೊರತೆಯಲ್ಲೂ ಲ್ಯಾಕ್ಟಿಕ್ ಆಸಿಡೋಸಿಸ್ (ಲ್ಯಾಕ್ಟೇಟ್ ಏರಿ ರಕ್ತದಲ್ಲಿ ಆಮ್ಲ ಹೆಚ್ಚುವುದು) ಬರುತ್ತದೆ ಅಂತಾರೆ. ಅಲ್ಲಿ ಆಮ್ಲಜನಕ ಇದೆಯಲ್ಲ? ಗ್ಲೂಕೋಸ್ ಡ್ರಿಪ್‌ಗೆ ಮುಂಚೆ ಥಯಾಮಿನ್ ಕೊಡಬೇಕು ಎನ್ನುವುದಕ್ಕೂ ಇದಕ್ಕೂ ಏನು ಸಂಬಂಧ? ವೈವಾದಲ್ಲಿ ಕೇಳುತ್ತಾರಂತೆ, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1 – ಬಯೋಕೆಮಿಸ್ಟ್ರಿ ಬೋಧಕರು
ಗ್ಲೈಕಾಲಿಸಿಸ್‌ಗೆ, ಅಂದರೆ ಗ್ಲೂಕೋಸ್ ಒಡೆಯುವ ಮೊದಲ ಹಂತಕ್ಕೆ, ಥಯಾಮಿನ್ ಬೇಕಿಲ್ಲ. ಒಂದು ಗ್ಲೂಕೋಸ್ ಎರಡು ಪೈರುವೇಟ್ ಆಗಿ, ನಿವ್ವಳ 2 ಎಟಿಪಿ (ಜೀವಕೋಶ ಬಳಸುವ ಶಕ್ತಿಯ ಅಣು) ಸಿಗುವವರೆಗೆ ಎಲ್ಲವೂ ಸರಾಗ. ಅಡ್ಡಿ ಬರುವುದು ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದೊಳಗೆ. ಪೈರುವೇಟನ್ನು ಅಸಿಟೈಲ್ ಕೋಎ ಮಾಡುವ ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವಕ್ಕೆ ಐದು ಸಹಾಯಕಗಳು ಬೇಕು: ಟಿಪಿಪಿ, ಲಿಪೋಯಿಕ್ ಆಮ್ಲ, ಕೋಎ, ಎಫ್‌ಎಡಿ, ಎನ್‌ಎಡಿ. ಟಿಪಿಪಿ ಎಂದರೆ ಥಯಾಮಿನ್ನಿನ ಕ್ರಿಯಾಶೀಲ ರೂಪ. ಅದಿಲ್ಲದೆ ಮೊದಲ ಹೆಜ್ಜೆಯೇ ನಿಂತುಬಿಡುತ್ತದೆ. ಉಳಿದ ಪೈರುವೇಟ್ ಲ್ಯಾಕ್ಟೇಟ್ ಆಗುತ್ತದೆ.

ವಿದ್ಯಾರ್ಥಿಗಳು ಮರೆಯುವ ಇನ್ನೊಂದು ಸಂಗತಿಯಿದೆ. ಅಸಿಟೈಲ್ ಕೋಎ ಉರಿಯುವ ಕ್ರೆಬ್ಸ್ ಚಕ್ರದ ಆಲ್ಫಾ ಕೀಟೋಗ್ಲುಟರೇಟ್ ಡಿಹೈಡ್ರೋಜಿನೇಸ್ ಕಿಣ್ವಕ್ಕೂ ಟಿಪಿಪಿ ಬೇಕು. ಹಾಗಾಗಿ ಕೊಬ್ಬಿನಿಂದ ಬಂದ ಅಸಿಟೈಲ್ ಕೋಎ ಇದ್ದರೂ ಚಕ್ರ ಸರಿಯಾಗಿ ತಿರುಗದು. ಪೂರ್ತಿ ಉರಿದಿದ್ದರೆ ಒಂದು ಗ್ಲೂಕೋಸಿಗೆ 30–32 ಎಟಿಪಿ ಸಿಗಬೇಕಿತ್ತು. ಶಕ್ತಿ ಹೆಚ್ಚು ಬೇಡುವ ಮಿದುಳು, ಹೃದಯಗಳಿಗೆ ಮೊದಲು ಪೆಟ್ಟು. ಇಂಥ ಸ್ಥಿತಿಯಲ್ಲಿ ಬರೀ ಗ್ಲೂಕೋಸ್ ಸುರಿದರೆ ಪೈರುವೇಟ್ ಇನ್ನಷ್ಟು ಗುಡ್ಡೆ ಬೀಳುತ್ತದೆ, ಅಳಿದುಳಿದ ಥಯಾಮಿನ್ ಕೂಡ ಖರ್ಚಾಗುತ್ತದೆ.

ಉತ್ತರ 2 – ಜನರಲ್ ಮೆಡಿಸಿನ್
ದೇಹದಲ್ಲಿರುವ ಥಯಾಮಿನ್ ದಾಸ್ತಾನು ಸುಮಾರು 25–30 ಮಿ.ಗ್ರಾಂ ಮಾತ್ರ, ಎರಡು ಮೂರು ವಾರಕ್ಕೆ ಮುಗಿಯುತ್ತದೆ. ವಿಪರೀತ ಕುಡಿತ, ಬಿಡದ ವಾಂತಿ, ದೀರ್ಘ ಉಪವಾಸ ಇದ್ದವರಲ್ಲಿ ಅನುಮಾನ ಇರಲಿ. ವರ್ನಿಕೆ (ಥಯಾಮಿನ್ ಕೊರತೆಯಿಂದ ಬರುವ ಮಿದುಳಿನ ತೊಂದರೆ) ಶಂಕೆಯಿದ್ದರೆ 500 ಮಿ.ಗ್ರಾಂ ಥಯಾಮಿನ್ ಅನ್ನು ಸಲೈನ್‌ನಲ್ಲಿ ಬೆರೆಸಿ 30 ನಿಮಿಷದಲ್ಲಿ, ದಿನಕ್ಕೆ ಮೂರು ಬಾರಿ ರಕ್ತನಾಳಕ್ಕೆ ಕೊಡುವುದು ರೂಢಿ. ಗೊಂದಲ, ಕಣ್ಣಿನ ಚಲನೆಯ ದೋಷ, ತೂರಾಡುವ ನಡಿಗೆ ಮೂರೂ ಒಟ್ಟಿಗೆ ಕಾಣಲಿ ಎಂದು ಕಾಯಬೇಡಿ. ಬಹಳ ಮಂದಿಯಲ್ಲಿ ಮೂರೂ ಇರುವುದಿಲ್ಲ. ಸಕ್ಕರೆ ಅಂಶ ಅಪಾಯದ ಮಟ್ಟಕ್ಕೆ ಇಳಿದಿದ್ದರೆ ಗ್ಲೂಕೋಸ್ ತಡಮಾಡಬಾರದು, ಎರಡನ್ನೂ ಜೊತೆಗೇ ಕೊಡಿ. ಥಯಾಮಿನ್ ಕೊಟ್ಟರೂ ಚೇತರಿಕೆ ಕಾಣದಿದ್ದರೆ ಮೆಗ್ನೀಸಿಯಂ ನೋಡಿ. ಅದಿಲ್ಲದೆ ಥಯಾಮಿನ್ ಟಿಪಿಪಿ ಆಗದು.

ಉತ್ತರ 3 – ಮಕ್ಕಳ ವಿಭಾಗ
ಇದು ಬರೀ ಕುಡುಕರ ಕಾಯಿಲೆ ಅಂದುಕೊಳ್ಳಬೇಡಿ. ಎದೆಹಾಲು ಮಾತ್ರ ಕುಡಿಯುವ ಎಳೆಗೂಸುಗಳಲ್ಲಿ ತೀವ್ರ ಪಲ್ಮನರಿ ಹೈಪರ್‌ಟೆನ್ಷನ್ (ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರುವುದು), ಆಸಿಡೋಸಿಸ್ ಬಂದು, ಥಯಾಮಿನ್ ಕೊಟ್ಟ ಮೇಲೆ ಬೇಗ ಚೇತರಿಸಿಕೊಂಡದ್ದು ಕರ್ನಾಟಕದಲ್ಲೇ ದಾಖಲಾಗಿದೆ. ಬಾಣಂತಿ ಪಥ್ಯದ ಹೆಸರಲ್ಲಿ ಬೇಳೆ, ತರಕಾರಿ ಬಿಟ್ಟು ಬರೀ ಪಾಲಿಷ್ ಅಕ್ಕಿಯ ಅನ್ನ ಉಂಡರೆ ಹಾಲಿನಲ್ಲೂ ಥಯಾಮಿನ್ ಕಡಿಮೆ. ಅಕ್ಕಿ ಮತ್ತೆಮತ್ತೆ ತೊಳೆದು ಗಂಜಿ ಬಸಿದರೆ ಇದ್ದದ್ದೂ ನೀರುಪಾಲು. ಕುಚ್ಚಲಕ್ಕಿ ವಾಸಿ: ಭತ್ತ ಬೇಯಿಸುವಾಗ ತೌಡಿನ ಥಯಾಮಿನ್ ಕಾಳಿನೊಳಗೆ ಇಳಿಯುತ್ತದೆ. ಮಗುವಿನ ಜೊತೆ ತಾಯಿಗೂ ಥಯಾಮಿನ್ ಕೊಡಿ.

ಉತ್ತರ 4 – ಲ್ಯಾಬ್
ಲ್ಯಾಕ್ಟೇಟ್‌ಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬೇ ಬೇಕು. ಐಸಿನಲ್ಲಿಟ್ಟು ಕೂಡಲೇ ಕಳಿಸಿ. ಕೆಂಪು ರಕ್ತಕಣಕ್ಕೆ ಮೈಟೊಕಾಂಡ್ರಿಯ ಇಲ್ಲ. ಟ್ಯೂಬಿನೊಳಗೂ ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತದೆ. ತೋಳಿಗೆ ಪಟ್ಟಿ ಬಿಗಿದು ಮುಷ್ಟಿ ಹಿಡಿಸಿದರೂ ಸುಳ್ಳು ಏರಿಕೆ ಬರಬಹುದು. ಥಯಾಮಿನ್ ಕೊರತೆ ತಿಳಿಯುವ ಟ್ರಾನ್ಸ್‌ಕೀಟೋಲೇಸ್ ಪರೀಕ್ಷೆಗೆ ರಕ್ತವನ್ನು ಥಯಾಮಿನ್ ಕೊಡುವ ಮುಂಚೆ ತೆಗೆಯಿರಿ, ಆದರೆ ವರದಿಗಾಗಿ ಚಿಕಿತ್ಸೆ ನಿಲ್ಲಿಸಬೇಡಿ.