ಸ್ಟ್ರಟ್ ಬಾರ್ ಹಾಕಿದರೆ ಕಾರು ಬಿಗಿಯಾಗುತ್ತದೆಯೇ?

ಪ್ರಶ್ನೆ: ಸರ್, ನನ್ನದು 2007ರ ಪೆಟ್ರೋಲ್ ಸ್ವಿಫ್ಟ್. ವರ್ಷಕ್ಕೆ ಎರಡು ಮೂರು ಬಾರಿ ಆಟೋಕ್ರಾಸ್‌ ರೇಸ್‌ಗೆ ಒಯ್ಯುತ್ತೇನೆ, ಉಳಿದ ದಿನ ಹಾಸನ–ಸಕಲೇಶಪುರ ಓಡಾಟ. ಸ್ಟೀರಿಂಗ್ ತಿರುಗಿಸಿದರೆ ಕಾರು ಒಂದು ಗಳಿಗೆ ತಡೆದು ಆಮೇಲೆ ತಿರುಗುತ್ತದೆ. ಹಿಂದಿನ ಒಂದು ಚಕ್ರ ಹಳ್ಳಕ್ಕೆ ಇಳಿದರೆ ಡಿಕ್ಕಿ ಬಾಗಿಲು ಕಿರುಗುಟ್ಟುತ್ತದೆ. ಮುಂದಕ್ಕೊಂದು ಸ್ಟ್ರಟ್ ಬಾರ್ (ಬಾಡಿ ಬಾಗದಂತೆ ಅಡ್ಡಲಾಗಿ ಕಟ್ಟುವ ಲೋಹದ ಸರಳು), ಕೆಳಗೊಂದು, ಹಿಂದಕ್ಕೊಂದು, ಮೂರರ ಸೆಟ್ ಆನ್‌ಲೈನ್‌ನಲ್ಲಿ ಸಿಗುತ್ತಿದೆ. ತರಿಸಲೇ? ಬಾಡಿಯ ತಗಡುಗಳು ಕೂಡುವ ಸಂದಿಗೆ ಬೆಸುಗೆ, ಅಂದರೆ ಸೀಮ್ ವೆಲ್ಡಿಂಗ್ ಮಾಡಿಸದೆ ಪ್ರಯೋಜನವಿಲ್ಲ ಎಂದು ಗೆಳೆಯನೊಬ್ಬ ಹೇಳುತ್ತಾನೆ.

ಉತ್ತರ: ಸೆಟ್ ತರಿಸುವುದನ್ನು ಒಂದು ವಾರ ತಡೆಯಿರಿ. ರ‍್ಯಾಲಿ ಕಾರುಗಳ ಬಾಡಿ ಕೆಲಸವೇ ನನ್ನ ಕಸುಬು, ಆದರೂ ನಿಮ್ಮ ಎರಡು ದೂರುಗಳಿಗೂ ಕಬ್ಬಿಣವೇ ಮದ್ದು ಎಂದು ನನಗೆ ಅನಿಸುತ್ತಿಲ್ಲ. ತಡೆದು ತಿರುಗುವುದು ಹೆಚ್ಚಾಗಿ ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್‌ನ ರಬ್ಬರ್ ಬುಷ್ ಹರಿದಾಗ ಬರುವ ರೋಗ. ಹರಿದ ರಬ್ಬರಿನ ಮೇಲೆ ನಿಂತ ಚಕ್ರ, ಮೇಲೆ ಎಷ್ಟು ಬಾರ್ ಕಟ್ಟಿದರೂ ತನ್ನ ಪಾಡಿಗೆ ಅಲ್ಲಾಡುತ್ತಲೇ ಇರುತ್ತದೆ.

ಕಾರನ್ನು ಲಿಫ್ಟ್‌ಗೆ ಏರಿಸಿದಾಗ ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋಗಿ. ಟಣ್ ಎಂದರೆ ತಗಡು ಗಟ್ಟಿ, ದೊಬ್ ಎಂದರೆ ಒಳಗೆ ತುಕ್ಕು. ಮಲೆನಾಡಿನ ಕೆಸರು ನೀರು ಬಸಿಯುವ ತೂತುಗಳನ್ನು ಮುಚ್ಚಿಬಿಡುತ್ತದೆ. ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನ ತಗಡು ಹಪ್ಪಳವಾಗಿರುತ್ತದೆ. ಹಾಗಿದ್ದರೆ ಮೊದಲು ಅದನ್ನು ಕತ್ತರಿಸಿ ಹೊಸ ತಗಡು ಕೂರಿಸಬೇಕು.

ಸ್ವಿಫ್ಟ್‌ಗೆ ಪ್ರತ್ಯೇಕ ಚಾಸಿಸ್ ಇಲ್ಲ, ತಗಡಿನ ಪೆಟ್ಟಿಗೆಯೇ ಚಾಸಿಸ್. ಬೆಂಕಿಪೊಟ್ಟಣದಿಂದ ಒಳಗಿನ ಟ್ರೇ ತೆಗೆದು ಹೊರಕವಚವನ್ನು ಮೂಲೆಯಲ್ಲಿ ಒತ್ತಿ ನೋಡಿ, ಚಪ್ಪಟೆಯಾಗುತ್ತದೆ. ಟ್ರೇ ತೂರಿಸಿ ಒತ್ತಿದರೆ ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ಕಾರಿನಲ್ಲಿ ಆ ಟ್ರೇಯ ಕೆಲಸ ಮಾಡುವುದು ಫೈರ್‌ವಾಲ್ (ಎಂಜಿನ್‌ಗೂ ಕೂರುವ ಜಾಗಕ್ಕೂ ನಡುವಿನ ತಗಡು), ನೆಲ ಮತ್ತು ಅಂಟಿಸಿ ಕೂರಿಸಿದ ಮುಂದಿನ ಗಾಜು. ಸೆಡಾನ್‌ಗಳಲ್ಲಿ ಹಿಂದಿನ ಸೀಟಿನ ಬೆನ್ನಿಗೆ ಸಾಮಾನ್ಯವಾಗಿ ಒಂದು ಅಡ್ಡ ತಗಡು ಇರುತ್ತದೆ; ಹ್ಯಾಚ್‌ಬ್ಯಾಕ್‌ನಲ್ಲಿ ಅದೂ ಇಲ್ಲ, ಹಿಂದೆ ದೊಡ್ಡ ಬಾಯಿ. ಆದ್ದರಿಂದ ನಿಮ್ಮ ಡಿಕ್ಕಿಯ ಕಿರುಗುಟ್ಟುವಿಕೆಯಲ್ಲಿ ಒಂದು ಪಾಲು ಹುಟ್ಟುಗುಣ. ಡಿಕ್ಕಿ ಬಾಗಿಲಿನ ರಬ್ಬರ್ ಬಫರ್‌ಗಳನ್ನು ಎರಡು ಸುತ್ತು ಹೊರಕ್ಕೆ ತಿರುಗಿಸಿ ನೋಡಿ, ಅಷ್ಟಕ್ಕೇ ಸುಮ್ಮನಾದರೂ ಆಗಬಹುದು.

ಬಾರ್ ಬೇಕೇ ಬೇಡವೇ ಎಂದು ಕಾರನ್ನೇ ಕೇಳಿ. ಒಂದರೊಳಗೊಂದು ಜಾರುವ ಎರಡು ತೆಳು ಕೊಳವೆ ತೆಗೆದುಕೊಂಡು, ಬಾನೆಟ್ ಕೆಳಗಿನ ಎರಡೂ ಸ್ಟ್ರಟ್ ಟವರ್‌ಗಳ (ಮುಂದಿನ ಸಸ್ಪೆನ್ಷನ್‌ನ ಮೇಲ್ತುದಿ ಕೂರುವ ಗುಬ್ಬಗಳು) ನಡುವೆ ಅಡ್ಡಲಾಗಿ ಬಿಗಿಯಿರಿ. ಒಳಗಿನ ಕೊಳವೆಗೆ ಒಂದು ಬಿಗಿಯಾದ ರಬ್ಬರ್ ರಿಂಗ್ ಹಾಕಿ, ಹೊರಕೊಳವೆಯ ಅಂಚಿಗೆ ತಾಗಿಸಿಡಿ. ಘಾಟಿಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಟವರ್‌ಗಳು ಹತ್ತಿರ ಬಂದಿದ್ದರೆ ರಿಂಗ್ ತಳ್ಳಿಸಿಕೊಂಡು ಅಲ್ಲೇ ನಿಂತಿರುತ್ತದೆ.

ಪ್ರಶ್ನೆ: ಸೀಮ್ ವೆಲ್ಡಿಂಗ್ ಬಗ್ಗೆ ಏನೂ ಹೇಳಲಿಲ್ಲವಲ್ಲ ಸರ್?

ಉತ್ತರ: ರೇಸ್‌ಗೆಂದೇ ಮೀಸಲಿಟ್ಟ ಕಾರಾದರೆ ಅದಕ್ಕೆ ಸಮನಾದದ್ದು ಕೇಜ್ (ಕಾರಿನೊಳಗೆ ಕೂರಿಸುವ ಉಕ್ಕಿನ ಕೊಳವೆಗಳ ಪಂಜರ) ಒಂದೇ. ಕಾರ್ಖಾನೆಯಲ್ಲಿ ಸಾವಿರಾರು ಸ್ಪಾಟ್ ವೆಲ್ಡ್ (ಚುಕ್ಕಿ ಬೆಸುಗೆ) ಹಾಕಿರುತ್ತಾರೆ, ಒಂದಕ್ಕೂ ಇನ್ನೊಂದಕ್ಕೂ ನಡುವೆ ತಗಡು ಬಿಡುವಾಗಿರುತ್ತದೆ. ಆ ಬಿಡುವನ್ನು ಹೊಲಿಯುವುದೇ ಈ ಕೆಲಸ. ಆದರೆ ಸೀಟು, ಕಾರ್ಪೆಟ್, ವೈರಿಂಗ್ ಎಲ್ಲ ಇಳಿಸಿ, ಸಂದಿಗೆ ಬಳಿದಿರುವ ಸೀಮ್ ಸೀಲರನ್ನು ಕೆರೆದು ಬರಿ ಲೋಹ ಕಾಣಿಸಬೇಕು. ಸುಮಾರು 25 ಮಿಲಿಮೀಟರ್ ಬೆಸುಗೆ, ಅಷ್ಟೇ ಅಥವಾ ಇನ್ನಷ್ಟು ಬಿಡುವು, ಮತ್ತೆ ಬೆಸುಗೆ. ಒಂದು ಕಡೆ ಸ್ವಲ್ಪ ಮಾಡಿ ಇನ್ನೊಂದು ಕಡೆಗೆ ಹೋಗಬೇಕು. ಕಲಿಯುವ ಕಾಲದಲ್ಲಿ ನಾನು ಉತ್ಸಾಹದಿಂದ ಬಾಗಿಲ ಚೌಕಟ್ಟಿಗೆ ಮೇಲಿಂದ ಕೆಳಗಿನವರೆಗೆ ಒಂದೇ ಸಮನೆ ಎಳೆದಿದ್ದೆ. ಸಂಜೆಗೆ ತಗಡು ತಣ್ಣಗಾದಾಗ ಆ ಬಾಗಿಲು ಮುಚ್ಚಲಿಲ್ಲ. ಅದನ್ನು ಸರಿಪಡಿಸಲು ನಾಲ್ಕು ದಿನ ಹಿಡಿಯಿತು, ಮಾಲೀಕರಿಂದ ಕೇಳಿದ ಮಾತು ಬೇರೆ.

ದಿನಾ ಓಡಿಸುವ ಕಾರಿಗೆ ಇದು ಬೇಡ. ಅಪಘಾತದಲ್ಲಿ ಮಡಚಿಕೊಂಡು ಪೆಟ್ಟನ್ನು ನುಂಗಲೆಂದೇ ಮಾಡಿದ ಮುಂಭಾಗವನ್ನು ನೀವು ಗಟ್ಟಿ ಮಾಡಿದರೆ ಆ ಪೆಟ್ಟು ಒಳಗೆ ಕುಳಿತವರಿಗೆ ಬೀಳುತ್ತದೆ. ಬೆಸುಗೆ ಹಾಕಿದ ಕಡೆ ಮತ್ತೆ ಸೀಲರ್ ಬಳಿಯದಿದ್ದರೆ ತುಕ್ಕೂ ಅಲ್ಲಿಂದಲೇ ಶುರು.

ಇನ್ನೊಬ್ಬ ಸದಸ್ಯರು: ರನ್ನಿಂಗ್ ಬೋರ್ಡ್ ಒಳಗೆ ಸ್ಪ್ರೇ ಫೋಮ್ ತುಂಬಿಸಿದರೆ ಸುಲಭವಲ್ಲವೇ? ವೀಡಿಯೊದಲ್ಲಿ ನೋಡಿದೆ.

ಉತ್ತರ: ಮನೆಯ ಬಾಗಿಲ ಚೌಕಟ್ಟಿನ ಸಂದಿಗೆ ಹೊಡೆಯುವ ಫೋಮ್ ತಾನೇ? ಬೇಡವೇ ಬೇಡ. ಕಾರು ಕಂಪನಿಗಳು ಬಳಸುವ ಫೋಮ್ ಜಾತಿಯೇ ಬೇರೆ. ಇದು ನೀರನ್ನು ಹಿಡಿದಿಟ್ಟು ತುಕ್ಕು ಸಾಕುತ್ತದೆ. ಮುಂದೊಂದು ದಿನ ಅಲ್ಲಿ ಬೆಸುಗೆ ಹಾಕಲು ಹೋದವನ ಮುಖಕ್ಕೆ ಹೊಗೆ, ಬೆಂಕಿ.

ಮತ್ತೊಬ್ಬರು: ಹಾಗಾದರೆ ರೋಲ್ ಕೇಜ್ ಹಾಕಿಸಿಬಿಡುವುದೇ ಒಳ್ಳೆಯದಲ್ಲವೇ ಅಣ್ಣ?

ಉತ್ತರ: ಬಿಗಿತಕ್ಕೆ ಅದಕ್ಕಿಂತ ದೊಡ್ಡದಿಲ್ಲ, ಕೇಜಿನ ಕೊಳವೆಗಳು ಸ್ಟ್ರಟ್ ಟವರಿನವರೆಗೂ ಹೋಗಿ ಬಾಡಿಗೂ ಬೆಸೆದುಕೊಂಡಿದ್ದರೆ ಇನ್ನೂ ಮೇಲು. ಅಂತಾರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದಂತೆ ಮುಖ್ಯ ಹೂಪ್‌ಗೆ (ಸೀಟಿನ ಹಿಂದೆ ನಿಲ್ಲುವ ಕಮಾನು) 45 ಮಿಲಿಮೀಟರ್ ವ್ಯಾಸ, 2.5 ಮಿಲಿಮೀಟರ್ ದಪ್ಪದ ಅಥವಾ 50ಕ್ಕೆ 2 ಮಿಲಿಮೀಟರ್‌ನ ಸೀಮ್‌ಲೆಸ್ ಉಕ್ಕಿನ ಕೊಳವೆ ಬೇಕು. ಗೇಟಿಗೆ ಹಾಕುವ ಪೈಪ್ ನಡೆಯುವುದಿಲ್ಲ. ಆದರೆ ಪೇಟೆಯಲ್ಲಿ ಹೆಲ್ಮೆಟ್ ಹಾಕಿಕೊಂಡು ಕಾರು ಓಡಿಸುವವರು ಯಾರು? ಬರಿತಲೆಗೆ ಕೇಜಿನ ಪೈಪೇ ಮೃತ್ಯು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಕೂಡ ವಾಹನದ ಮೂಲ ಸ್ವರೂಪವನ್ನು ಮನಬಂದಂತೆ ಬದಲಿಸಲು ಬಿಡುವುದಿಲ್ಲ.

ಮೊದಲ ಸದಸ್ಯರು (ಹತ್ತು ದಿನದ ನಂತರ): ಸರ್, ಬಲಗಡೆಯ ಬುಷ್ ಅರ್ಧ ಹರಿದಿತ್ತು. ಎರಡೂ ಕಡೆ ಹೊಸದು ಹಾಕಿಸಿದೆ, ಅಲೈನ್‌ಮೆಂಟ್ ಮಾಡಿಸಿದೆ. ತಡೆದು ತಿರುಗುವುದು ಹೋಯಿತು. ರನ್ನಿಂಗ್ ಬೋರ್ಡ್ ಟಣ್ ಎಂದಿತು. ಶಿರಾಡಿಯಲ್ಲಿ ಇಳಿದು ಬಂದ ಮೇಲೆ ರಿಂಗ್ ಒಂದು ಮಿಲಿಮೀಟರ್‌ಗಿಂತ ತುಸು ಹೆಚ್ಚು ಸರಿದಿತ್ತು.

ಉತ್ತರ: ಹಾಗಾದರೆ ಮುಂಭಾಗದ ಬಾರ್ ಒಂದನ್ನೇ ತರಿಸಿ. ತುದಿಯಲ್ಲಿ ಕೀಲು ಇರುವ ಬಾರ್ ಬೇಡ, ಆ ಒಂದು ಮಿಲಿಮೀಟರನ್ನು ಕೀಲೇ ತಿಂದುಬಿಡುತ್ತದೆ. ಪ್ಲೇಟೂ ಕೊಳವೆಯೂ ಒಂದಾಗಿ ಬೆಸೆದದ್ದು ನೋಡಿ. ಕೂರಿಸುವಾಗ ಕಾರು ಜಾಕ್ ಮೇಲಿರಬಾರದು, ಸಮನೆಲದಲ್ಲಿ ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು. ಬಾನೆಟ್ ಮುಚ್ಚುವ ಮೊದಲು ಬಾರ್ ಮೇಲೆ ಒಂದು ಉಂಡೆ ಚಪಾತಿ ಹಿಟ್ಟು ಇಟ್ಟು ಮೆಲ್ಲಗೆ ಇಳಿಸಿ. ಹಿಟ್ಟು ಎಷ್ಟು ಚಪ್ಪಟೆಯಾಯಿತೋ ನೋಡಿದರೆ ಬಾನೆಟ್‌ಗೂ ಬಾರ್‌ಗೂ ಎಷ್ಟು ಸಂದಿ ಉಳಿದಿದೆ ಎಂದು ತಿಳಿಯುತ್ತದೆ.